ಎಚ್‌ಸಿಐ ಅಂದ್ರೆ ಡ್ರಾಯಿಂಗ್ ಕ್ಲಾಸಾ?

ಏಪ್ರಿಲ್ ಬಂತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್‌ಗಳು ಬರೋಕೆ ಶುರುವಾಗುತ್ತವೆ. ಮೇ 1ರೊಳಗೆ ಮಗಳ ಕಾಲೇಜು ನಿರ್ಧಾರ ಆಗಬೇಕು. ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಆದರೆ ಹುಡುಗಿ ‘ಹ್ಯೂಮನ್-ಕಂಪ್ಯೂಟರ್ ಇಂಟರಾಕ್ಷನ್’ ಅಂತ ಏನೋ ಹಟ ಹಿಡಿದಿದ್ದಾಳೆ. “ಅದೇನು ಡ್ರಾಯಿಂಗ್ ಕ್ಲಾಸಾ? ಸ್ವಲ್ಪ ಬುದ್ಧಿ ಹೇಳಿ, ನಿಮ್ಮ ಮಾತು ಕೇಳ್ತಾಳೆ.” ನಾನು ಡೇಟಾ ಸೈಂಟಿಸ್ಟ್, ದಿನಾ ಗಣಿತ ಮಾಡೋ ಆಸಾಮಿ. ಹಾಗಾಗಿ ‘ಗಟ್ಟಿ’ ವಿಷಯಗಳ ಪರವಾಗಿ ವಾದ ಮಾಡ್ತೀನಿ ಅಂತ ಅಪ್ಪ-ಅಮ್ಮಂದಿರ ಲೆಕ್ಕ.

ಹೋದ ಎಪಿಸೋಡ್‌ನಲ್ಲಿ ಈ ಮಾತು ಬಂದು ಹತ್ತೇ ನಿಮಿಷದಲ್ಲಿ ಮುಗಿದುಹೋಯ್ತು. ಅಲ್ಲಿ ಹೇಳೋಕಾಗದೆ ಉಳಿದದ್ದನ್ನ ಇಲ್ಲಿ ಬರೀತಿದ್ದೀನಿ. ನನ್ನ ವಾದ ಇಷ್ಟು: ಕಂಪ್ಯೂಟರ್ ಸೈನ್ಸ್ ಪದವಿ ತಗೊಳ್ಳೋ ಪ್ರತಿಯೊಬ್ಬರಿಗೂ ಎಚ್‌ಸಿಐ ಒಂದು ಪೂರ್ತಿ ಸೆಮಿಸ್ಟರ್‌ನ ಕಡ್ಡಾಯ ವಿಷಯ ಆಗಬೇಕು. ಇಷ್ಟ ಇದ್ದವರು ತಗೊಳ್ಳಲಿ ಅನ್ನೋ ಆಯ್ಕೆಯ ವಿಷಯವಾಗಿ ಇದ್ದರೆ ಸಾಲದು. ಆಲ್ಗಾರಿದಮ್ಸ್ ಯಾರೂ ‘ಇಷ್ಟ ಇದ್ದರೆ’ ಓದಲ್ಲ ಅಲ್ವಾ, ಹಾಗೆ.

ಮೊದಲು ಈ ‘ಡ್ರಾಯಿಂಗ್’ ಅನ್ನೋ ತಪ್ಪು ಕಲ್ಪನೆ ಬಿಡಿ. ಜನ ಒಂದು ಯಂತ್ರವನ್ನ ಹೇಗೆ ನೋಡ್ತಾರೆ, ಹೇಗೆ ಅರ್ಥ ಮಾಡ್ಕೋತಾರೆ, ಎಲ್ಲಿ ಎಡವುತ್ತಾರೆ ಅನ್ನೋದನ್ನ ಅಳೆಯೋದು, ಆ ಅಳತೆಯ ಮೇಲೆ ಯಂತ್ರ ಕಟ್ಟೋದು. ಇದು ಎಚ್‌ಸಿಐ. ಇದರ ಬೇರು ಇರೋದು ಯುದ್ಧದಲ್ಲಿ. ಎರಡನೇ ಮಹಾಯುದ್ಧದಲ್ಲಿ ಬಿ-17 ವಿಮಾನಗಳು ನೆಲಕ್ಕೆ ಇಳಿದ ಮೇಲೆ, ರನ್‌ವೇ ಮೇಲೇ, ಪೈಲಟ್‌ಗಳು ಚಕ್ರ ಒಳಗೆ ಎಳೆದುಕೊಂಡುಬಿಡ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕುಸೀತಿತ್ತು. ಪೈಲಟ್‌ಗಳದ್ದೇ ತಪ್ಪು ಅಂತ ಷರಾ ಬೀಳ್ತಿತ್ತು. ಅಮೆರಿಕದ ಸೇನೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಕಾಕ್‌ಪಿಟ್ ನೋಡಿದರೆ, ರೆಕ್ಕೆಯ ಫ್ಲಾಪ್‌ದು ಮತ್ತು ಚಕ್ರದ್ದು, ಎರಡೂ ಒಂದೇ ಥರದ ಸ್ವಿಚ್‌ಗಳು, ಅದೂ ಪಕ್ಕಪಕ್ಕದಲ್ಲೇ. ಒಂದಕ್ಕೆ ಚಕ್ರದ ಆಕಾರದ ಹಿಡಿಕೆ, ಇನ್ನೊಂದಕ್ಕೆ ಫ್ಲಾಪ್ ಆಕಾರದ ಹಿಡಿಕೆ ಕೊಡಿಸಿದ. ಕಣ್ಣು ಬೇರೆಲ್ಲೋ ಇದ್ದರೂ ಕೈಗೆ ಗೊತ್ತಾಗುತ್ತೆ. ಇವತ್ತಿಗೂ ವಿಮಾನಗಳಲ್ಲಿ ಆ ಹಿಡಿಕೆಗಳು ಹಾಗೇ ಇವೆ.

ಆಮೇಲೆ 1954ರಲ್ಲಿ ಪಾಲ್ ಫಿಟ್ಸ್ ಒಂದು ಸೂತ್ರ ಕೊಟ್ಟ: ಕೈ ಒಂದು ಗುರಿ ಮುಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋದು ಆ ಗುರಿ ಎಷ್ಟು ದೂರ ಇದೆ, ಎಷ್ಟು ಅಗಲ ಇದೆ ಅನ್ನೋದರ ಲಾಗರಿದಮ್ ಮೇಲೆ ನಿಂತಿದೆ ಅಂತ. ನಿಮ್ಮ ಫೋನಿನಲ್ಲಿ ಬಟನ್ ಇಷ್ಟೇ ದೊಡ್ಡದಿರಬೇಕು ಅನ್ನೋ ಲೆಕ್ಕದ ಹಿಂದೆ ಇರೋದು ಇದೇ. 1983ರಲ್ಲಿ ಈ ಕ್ಷೇತ್ರದ ಮೂಲ ಪುಸ್ತಕಗಳಲ್ಲಿ ಒಂದು ಬಂತು. ಅದನ್ನ ಬರೆದ ಮೂವರಲ್ಲಿ ಒಬ್ಬ ಅಲೆನ್ ನ್ಯೂವೆಲ್, ಅಂದರೆ ಕೃತಕ ಬುದ್ಧಿಮತ್ತೆಗೆ ಅಡಿಪಾಯ ಹಾಕಿ 1975ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವನು. “ನಮ್ಮ ಹುಡುಗ ಎಐ ಮಾಡ್ತಾನೆ, ಅಂಥದ್ದೆಲ್ಲ ಬೇಡ” ಅನ್ನೋರು ಈ ಹೆಸರನ್ನ ಒಂದು ಸಲ ಹುಡುಕಿ ನೋಡಿ.

ಇಷ್ಟೆಲ್ಲ ಇದ್ದರೂ ಪದವಿಯಲ್ಲಿ ಇದಕ್ಕೆ ಸಿಕ್ಕಿರೋ ಜಾಗ ಎಷ್ಟು? ಎಸಿಎಂ ಮತ್ತು ಐಇಇಇ ಸೇರಿ 2013ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಒಂದು ಮಾದರಿ ಪಠ್ಯಕ್ರಮ ಕೊಟ್ಟವು. ಅದರಲ್ಲಿ ಎಲ್ಲರೂ ಕಲೀಬೇಕಾದ ಮೂಲ ಪಾಠ ಒಟ್ಟು 308 ಗಂಟೆ. ಅದರಲ್ಲಿ ಎಚ್‌ಸಿಐಗೆ ಎಂಟು. ಎಂಟೇ ಗಂಟೆ! ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ ಅದಕ್ಕಿಂತ ಜಾಸ್ತಿ ಹೊತ್ತು ನಡೆಯುತ್ತೆ. ಹಾಗಂತ ವಿಷಯ ಹೊಸದೇನಲ್ಲ. ಪದವಿಯಲ್ಲಿ ಇದನ್ನ ಹೇಗೆ ಕಲಿಸಬೇಕು ಅಂತ ಎಸಿಎಂನದೇ ಒಂದು ಪೂರ್ತಿ ವರದಿ 1992ರಲ್ಲೇ ಬಂದಿತ್ತು. ಕಾರ್ನೆಗಿ ಮೆಲನ್‌ನಲ್ಲಿ 1994ರಲ್ಲೇ ಇದಕ್ಕಾಗಿ ಬೇರೆ ಸಂಸ್ಥೆ ಶುರುವಾಯ್ತು. ಸ್ಟ್ಯಾನ್‌ಫರ್ಡ್, ಜಾರ್ಜಿಯಾ ಟೆಕ್, ಯೂನಿವರ್ಸಿಟಿ ಆಫ್ ವಾಷಿಂಗ್ಟನ್, ಇಲ್ಲೆಲ್ಲ ಪದವಿ ಮಟ್ಟದಲ್ಲೇ ಆಳವಾಗಿ ಓದಬಹುದು. ಆದರೆ ಅದು ಹುಡುಕಿಕೊಂಡು ಹೋದವರಿಗೆ ಮಾತ್ರ. ಉಳಿದವರು ಕಂಪೈಲರ್, ಡೇಟಾಬೇಸ್, ನೆಟ್‌ವರ್ಕ್ ಎಲ್ಲ ಕಲಿತು, ತಾವು ಬರೆದದ್ದನ್ನ ಬೇರೆ ಒಬ್ಬ ಮನುಷ್ಯ ಬಳಸೋದನ್ನ ಒಂದು ಸಲವೂ ಕೂತು ನೋಡದೆ ಡಿಗ್ರಿ ತಗೊಂಡು ಹೊರಗೆ ಬರ್ತಾರೆ. ನಾನು ಊರಲ್ಲಿ ಬಿ.ಇ. ಮಾಡಿದಾಗಲೂ ಇದೇ ಕಥೆ. ಇದು ಕೊನೆಯ ವರ್ಷದ ಆಯ್ಕೆಯ ವಿಷಯ. ‘ಸ್ಕೋರಿಂಗ್’ ಅಂತ ತಗೊಳ್ತಿದ್ವಿ. ಮೆನು ಎಷ್ಟು ವಿಧ, ಐಕಾನ್ ಎಷ್ಟು ವಿಧ ಅಂತ ಉರು ಹೊಡೆದು ಪರೀಕ್ಷೆ ಬರೆದ್ವಿ. ಅಡುಗೆ ಎಲ್ಲ ಮುಗಿದ ಮೇಲೆ ಕೊನೆಗೆ ಹಾಕೋ ಒಗ್ಗರಣೆ ಥರ. ಅದಿಲ್ಲದಿದ್ದರೂ ಊಟ ನಡೆಯುತ್ತೆ ಅಂತ ಎಲ್ಲರಿಗೂ ನಂಬಿಕೆ.

ನಡೆಯಲ್ಲ. 2020ರ ಆಗಸ್ಟ್ 11ರಂದು ಏನಾಯ್ತು ನೋಡಿ.

ಸಿಟಿಬ್ಯಾಂಕ್ ಅವತ್ತು ರೆವ್ಲಾನ್ ಕಂಪನಿಯ ಸಾಲಗಾರರಿಗೆ, ಅಂದರೆ ಸಾಲ ಕೊಟ್ಟವರಿಗೆ, ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಟ್ಟಬೇಕಿತ್ತು. ಕಟ್ಟಿದ್ದು ಹೆಚ್ಚುಕಡಿಮೆ 90 ಕೋಟಿ ಡಾಲರ್. ಬಡ್ಡಿ ಜೊತೆ ಅಸಲೂ ಹೊರಟುಹೋಯ್ತು! ಬ್ಯಾಂಕ್ ಬಳಸ್ತಿದ್ದ ತಂತ್ರಾಂಶದ ಹೆಸರು ಫ್ಲೆಕ್ಸ್‌ಕ್ಯೂಬ್. ಭಾರತದ ಐ-ಫ್ಲೆಕ್ಸ್ ಕಂಪನಿ ಕಟ್ಟಿದ್ದು, ಆಮೇಲೆ ಒರಾಕಲ್ ಕೈಗೆ ಹೋಯ್ತು. ಅವತ್ತಿನ ವ್ಯವಹಾರ ಮಾಡೋಕೆ ಅದರಲ್ಲಿ ಇದ್ದ ದಾರಿ ವಿಚಿತ್ರದ್ದು. ಪೂರ್ತಿ ಸಾಲ ತೀರಿಸ್ತಿದ್ದೀವಿ ಅಂತ ನಮೂದಿಸಿ, ಅಸಲಿನ ಹಣವನ್ನ ಮಾತ್ರ ಬ್ಯಾಂಕಿನ ಒಳಗಿನ ಒಂದು ಖಾತೆಗೆ ತಿರುಗಿಸಬೇಕು. ತಿರುಗಿಸೋಕೆ ಪರದೆಯ ಮೇಲೆ ಮೂರು ಚೌಕಗಳು: ಪ್ರಿನ್ಸಿಪಲ್, ಫ್ರಂಟ್, ಫಂಡ್. ಅಸಲಿಗೆ ಇಂಗ್ಲಿಷಿನಲ್ಲಿ ಪ್ರಿನ್ಸಿಪಲ್ ಅಂತ ತಾನೇ ಹೇಳೋದು? ಹಾಗಾಗಿ ಪ್ರಿನ್ಸಿಪಲ್ ಅನ್ನೋ ಚೌಕ ಒಂದನ್ನೇ ತುಂಬಿದರು. ತುಂಬಬೇಕಿದ್ದದ್ದು ಮೂರನ್ನೂ.

ಒಬ್ಬರೇ ಮಾಡಿದ ಕೆಲಸ ಅಲ್ಲ ಅದು. ಮೂರು ಜನ ನೋಡಿ ಒಪ್ಪಿಗೆ ಕೊಡಬೇಕು ಅನ್ನೋ ನಿಯಮ ಇತ್ತು. ಮೂವರೂ ನೋಡಿದರು, ಮೂವರೂ ಸರಿ ಅಂದರು. ಮೊದಲ ಇಬ್ಬರು ಭಾರತದಲ್ಲಿ ಕೂತು ಕೆಲಸ ಮಾಡ್ತಿದ್ದ ವಿಪ್ರೋ ನೌಕರರು. ಹೌದು, ನಮ್ಮ ಸರ್ಜಾಪುರ ರಸ್ತೆಯಲ್ಲಿ ಹೆಡ್ ಆಫೀಸ್ ಇರೋ ಅದೇ ವಿಪ್ರೋ. ಹಣ ಹೋಗೋ ಮುಂಚೆ ಪರದೆ ಮೇಲೆ ಒಂದು ಎಚ್ಚರಿಕೆಯೂ ಬಂತು: ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತೆ, ಮುಂದುವರೀಬೇಕಾ? ಬಡ್ಡಿ ಹೊರಗೆ ಹೋಗಲೇಬೇಕಿತ್ತಲ್ಲ, ಹೌದು ಅಂತ ಒತ್ತಿದರು. ಎಷ್ಟು ಹಣ ಅಂತ ಆ ಎಚ್ಚರಿಕೆಯಲ್ಲಿ ಇರಲೇ ಇಲ್ಲ. ಒಂದು ಸಂಖ್ಯೆ! ಅದೊಂದು ತೋರಿಸಿದ್ದಿದ್ದರೆ? 2021ರ ಫೆಬ್ರವರಿಯಲ್ಲಿ ಕೋರ್ಟು, ವಾಪಸ್ ಕೊಡದ ಸುಮಾರು 50 ಕೋಟಿ ಡಾಲರನ್ನ ಪಡೆದವರೇ ಇಟ್ಟುಕೊಳ್ಳಬಹುದು ಅಂದಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲಿನ ಕೋರ್ಟು ಅದನ್ನ ತಿರುಗಿಸಿತು ಅನ್ನೋದು ಬ್ಯಾಂಕಿನ ಪುಣ್ಯ.

ಈ ಕಥೆಯಲ್ಲಿ ಕೋಡ್ ಎಲ್ಲೂ ಕೆಟ್ಟಿಲ್ಲ. ಡೇಟಾಬೇಸ್ ಸರಿ ಇತ್ತು, ನೆಟ್‌ವರ್ಕ್ ಸರಿ ಇತ್ತು, ಲೆಕ್ಕ ಪೈಸೆಗೆ ಪೈಸೆ ಸರಿ ಇತ್ತು. ಬರೆದವರು ಪದವಿಯಲ್ಲಿ ಕಲಿತ ‘ಗಟ್ಟಿ’ ವಿಷಯಗಳೆಲ್ಲ ಸರಿಯಾಗೇ ಕೆಲಸ ಮಾಡಿದವು. ಯಾವುದನ್ನ ಡ್ರಾಯಿಂಗ್ ಅಂತ ಬಿಟ್ಟರೋ ಅಲ್ಲೇ ಹಳ್ಳ ಬಿತ್ತು.

ಇನ್ನೊಂದು ಉದಾಹರಣೆ ಕಂಪ್ಯೂಟರ್ ಸೈನ್ಸ್ ಓದಿದ ಎಷ್ಟೋ ಜನಕ್ಕೆ ಗೊತ್ತಿರುತ್ತೆ: ಥೆರಾಕ್-25. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡೋ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಜನಕ್ಕೆ ವಿಪರೀತ ವಿಕಿರಣ ತಗುಲಿತು, ಕೆಲವರು ಅದರಿಂದಲೇ ಸತ್ತರು. ಇದನ್ನ ಕ್ಲಾಸಿನಲ್ಲಿ ‘ರೇಸ್ ಕಂಡೀಷನ್’ಗೆ, ಅಂದರೆ ಪ್ರೋಗ್ರಾಮಿನ ಎರಡು ಕೆಲಸ ಒಂದರ ಕಾಲು ಒಂದು ತುಳಿಯೋ ದೋಷಕ್ಕೆ ಉದಾಹರಣೆಯಾಗಿ ಹೇಳ್ತಾರೆ. ನಿಜವೇ. ಆದರೆ ಅದು ಅರ್ಧ ಕಥೆ. ಟೆಕ್ಸಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಆಪರೇಟರ್ ಒಂದು ಅಕ್ಷರ ತಪ್ಪು ಒತ್ತಿ, ಬೇಗ ಬೇಗ ಹಿಂದಕ್ಕೆ ಹೋಗಿ ತಿದ್ದಿದರು. ಯಂತ್ರ ‘ಮಾಲ್‌ಫಂಕ್ಷನ್ 54’ ಅಂತ ತೋರಿಸಿ ನಿಂತಿತು. 54 ಅಂದರೇನು? ಆಪರೇಟರ್ ಕೈಯಲ್ಲಿದ್ದ ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಆ ಯಂತ್ರ ದಿನಾ ಇಂಥ ಸಂದೇಶ ಎಷ್ಟೋ ತೋರಿಸ್ತಿತ್ತು. ‘ಪಿ’ ಒತ್ತಿದರೆ ಮುಂದೆ ಹೋಗ್ತಿತ್ತು. ಅವತ್ತೂ ‘ಪಿ’ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಎರಡನೇ ಸಲ ಬಿತ್ತು.

ಮೊದಲ ಹೊಡೆತ ಕೋಡಿನ ದೋಷ. ಎರಡನೆಯದು? ಜೀವ ತೆಗೆಯೋ ದೋಷಕ್ಕೂ ಸಣ್ಣ ಕಿರಿಕಿರಿಗೂ ಒಂದೇ ಥರದ ಸಂದೇಶ ಕೊಟ್ಟು, ಒಂದೇ ಕೀ ಒತ್ತಿದರೆ ದಾಟಿ ಹೋಗೋ ಹಾಗೆ ಮಾಡಿದವರದ್ದು. ನಮ್ಮ ಪದವಿಗಳು ಮೊದಲನೆಯದನ್ನ ಪರೀಕ್ಷೆಯಲ್ಲಿ ಕೇಳುತ್ತವೆ, ಎರಡನೆಯದನ್ನ ಬಿಟ್ಟುಬಿಡುತ್ತವೆ. ನನಗೆ ಸಿಟ್ಟು ಬರೋದು ಇಲ್ಲಿ.

“ನಿಮ್ಮದು ಡೇಟಾ ಅಲ್ವಾ, ನಿಮಗ್ಯಾಕೆ ಇದೆಲ್ಲ?” ಅಂತಾರೆ. ಡೇಟಾ ಆಕಾಶದಿಂದ ಬೀಳಲ್ಲ ಸ್ವಾಮಿ. ಯಾರೋ ಒಬ್ಬರು ಯಾವುದೋ ಫಾರ್ಮ್ ತುಂಬಿದಾಗ ಹುಟ್ಟುತ್ತೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಗ್ರಾಹಕರಲ್ಲಿ ಜನವರಿ 1ರಂದು ಹುಟ್ಟಿದವರು ಎಣಿಸಲಾರದಷ್ಟು ಜನ ಇದ್ದರು. ಹುಟ್ಟಿದ ದಿನದ ಚೌಕದಲ್ಲಿ ಅದೇ ಮೊದಲಿಂದ ತುಂಬಿರ್ತಿತ್ತು, ಅವಸರದಲ್ಲಿದ್ದವರು ಹಾಗೇ ಬಿಟ್ಟು ಮುಂದೆ ಹೋಗ್ತಿದ್ದರು, ಅಷ್ಟೆ. ನಮ್ಮ ಮಾಡೆಲ್ ಮಾತ್ರ ಈ ಜನವರಿ 1ನ್ನ ಬಹಳ ಮುಖ್ಯವಾದ ಸುಳಿವು ಅಂತ ಹಿಡಿದುಕೊಂಡಿತ್ತು. ಮೀಟಿಂಗ್ ಮೇಲೆ ಮೀಟಿಂಗ್ ಆಯ್ತು. ಫಾರ್ಮ್ ತೆರೆದು ನೋಡೋಣ ಅಂತ ಯಾರಿಗೂ ತೋಚಿರಲಿಲ್ಲ, ಯಾಕಂದ್ರೆ ಫಾರ್ಮ್ ‘ಡಿಸೈನ್‌ನವರ’ ಕೆಲಸ.

ಇದು ನಗೋ ಮಾತಾಯ್ತು. ಕ್ಯಾನ್ಸಸ್ ರಾಜ್ಯದ ಪಾಟ್‌ವಿನ್ ಹತ್ತಿರದ ಒಂದು ತೋಟದ ಮನೆಯವರಿಗೆ ನಗು ಬರಲಿಲ್ಲ. ಇಂಟರ್ನೆಟ್ ವಿಳಾಸ ಕೊಟ್ಟರೆ ಅದು ಯಾವ ಊರಿನದು ಅಂತ ಹೇಳೋ ಮ್ಯಾಕ್ಸ್‌ಮೈಂಡ್ ಅನ್ನೋ ಕಂಪನಿ, ‘ಅಮೆರಿಕ ಅಂತ ಗೊತ್ತು, ಊರು ಗೊತ್ತಿಲ್ಲ’ ಅನ್ನೋ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದು ಕೊಡ್ತಿತ್ತು. ಆ ಬಿಂದು ಹೋಗಿ ಬಿದ್ದದ್ದು ಆ ತೋಟದ ಮೇಲೆ. 2016ರಲ್ಲಿ ಪತ್ರಕರ್ತೆ ಕಾಶ್ಮೀರ್ ಹಿಲ್ ಇದನ್ನ ಬಯಲಿಗೆ ತರೋ ಹೊತ್ತಿಗೆ 60 ಕೋಟಿಗೂ ಹೆಚ್ಚು ವಿಳಾಸಗಳು ಆ ಒಂದು ಮನೆಗೆ ಅಂಟಿಕೊಂಡಿದ್ದವು. ಕಳ್ಳತನ, ಮೋಸ, ಓಡಿಹೋದ ಮಕ್ಕಳು, ಯಾವ ಕೇಸಿಗೂ ಪೊಲೀಸರು ಬಂದು ಬಾಗಿಲು ತಟ್ಟೋದು ಆ ಮನೆಯನ್ನೇ. ‘ಗೊತ್ತಿಲ್ಲ’ ಅನ್ನೋದನ್ನ ನಕ್ಷೆ ಮೇಲೆ ಹೇಗೆ ತೋರಿಸಬೇಕು? ಚುಕ್ಕೆ ಇಟ್ಟರೆ ನೋಡಿದವರು ‘ಇಲ್ಲೇ’ ಅಂತ ಓದಿಕೊಳ್ತಾರೆ. ಇದು ಎಚ್‌ಸಿಐ ಪ್ರಶ್ನೆ. ಡೇಟಾ ಸೈನ್ಸ್ ಅಂತ ಹೇಳಿಕೊಂಡು ದಿನಾ ಡ್ಯಾಶ್‌ಬೋರ್ಡ್ ಮಾಡೋ ನಮ್ಮಂಥವರ ಪ್ರಶ್ನೆಯೂ ಹೌದು.

ಈಗ ಕನ್ನಡಕ್ಕೆ ಬರೋಣ. ಇಲ್ಲಿ ಹುಟ್ಟಿ ಬೆಳೆದು, ಈಗ ಕನ್ನಡ ಓದೋಕೆ ಕಲೀತಿರೋ ನಮ್ಮ ಕೇಳುಗರಿಗೆ ಇದು ಬೇರೆಯವರಿಗಿಂತ ಬೇಗ ಅರ್ಥ ಆಗುತ್ತೆ.

‘ಸ್ತ್ರೀ’ ಅಂತ ಟೈಪ್ ಮಾಡಿ ನೋಡಿ. ಕಣ್ಣಿಗೆ ಒಂದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಆರು: ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು. ಈಗ ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಏನು ಹೋಗಬೇಕು? ಇಡೀ ಅಕ್ಷರವಾ, ಬರೀ ದೀರ್ಘವಾ? ಕನ್ನಡದಲ್ಲೇ ಓದಿ ಬೆಳೆದವರಿಗೆ ದೀರ್ಘ ಮಾತ್ರ ಹೋದರೆ ಅನುಕೂಲ, ತಿದ್ದೋ ಕೆಲಸ ಕಮ್ಮಿ. ಈಗಷ್ಟೇ ಒತ್ತಕ್ಷರ ಕಲೀತಿರೋ ಹನ್ನೆರಡು ವರ್ಷದ ಹುಡುಗನಿಗೆ ತುದಿಯಲ್ಲಿ ಹಲಂತ ನೇತಾಡ್ತಿರೋ ಅರ್ಧ ಅಕ್ಷರ ಕಂಡರೆ ಗಾಬರಿ. ಯಾವುದು ಸರಿ? ಕೋಡ್ ಓದಿ ಇದನ್ನ ಹೇಳೋಕಾಗಲ್ಲ. ಇಬ್ಬರನ್ನೂ ಕೂರಿಸಿ ಟೈಪ್ ಮಾಡಿಸಿ ನೋಡಬೇಕು.

ಕೀಬೋರ್ಡ್ ವಿಷಯವೂ ಹಾಗೇ. ಹಲಂತಕ್ಕೆ ಸರ್ಕಾರದ ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಕೀ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಎಫ್ ಕೀ. ನುಡಿ ಬಳಸಿದವರ ಬೆರಳಿಗೆ ಈ ಎಫ್ ಇವತ್ತಿಗೂ ನೆನಪಿರುತ್ತೆ. ಒಂದು ಉಚ್ಚಾರಣೆಗೆ ಒಂದು ಕೀ, ಒತ್ತಕ್ಷರ ತಾನಾಗೇ ಕಟ್ಟಿಕೊಳ್ಳಬೇಕು ಅಂತ ರಾವ್ ಯೋಚನೆ ಮಾಡಿದರಲ್ಲ, ಅದು ಅಪ್ಪಟ ಎಚ್‌ಸಿಐ. ನಮ್ಮ ಮನೆಗಳಲ್ಲಿ ಆ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಈಗಿನ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ, ಫೋನ್ ತೋರಿಸೋ ಪದಗಳಲ್ಲಿ ಒಂದನ್ನ ಆರಿಸ್ತಾರೆ. ಕಿವಿಗೆ ಕನ್ನಡ ಗೊತ್ತು, ಕಣ್ಣಿಗೆ ಗೊತ್ತಿಲ್ಲ ಅನ್ನೋ ಮಗು ‘ಬೇಳೆ’ ಯಾವುದು ‘ಬೆಳೆ’ ಯಾವುದು ಅಂತ ಹೇಗೆ ಆರಿಸುತ್ತೆ? ಇದರ ಮೇಲೆ ಒಂದು ಸೆಮಿಸ್ಟರ್ ಪ್ರಾಜೆಕ್ಟ್ ಮಾಡಬಹುದು. ಶನಿವಾರದ ಕನ್ನಡ ಕಲಿ ತರಗತಿಯಲ್ಲೇ ಪ್ರಯೋಗಕ್ಕೆ ಬೇಕಾದಷ್ಟು ಮಕ್ಕಳು ಸಿಗ್ತಾರೆ.

ಊರಲ್ಲಿರೋ ನಮ್ಮಮ್ಮನ ಫೋನಿನಲ್ಲಿ ಒಂದು ಟಿಕೆಟ್ ಆ್ಯಪ್ ಇದೆ. ಕನ್ನಡಕ್ಕೆ ಬದಲಾಯಿಸಿದರೆ ಟಿಕೆಟ್ ಕಾದಿರಿಸೋ ಬಟನ್ ಮೇಲೆ ‘ಪುಸ್ತಕ’ ಅಂತ ಬರುತ್ತೆ. ಬುಕ್ ಅಂದ್ರೆ ಪುಸ್ತಕ ತಾನೇ! ಕೆಲವು ಬಟನ್‌ಗಳ ಎತ್ತರವನ್ನ ಇಂಗ್ಲಿಷ್ ಅಕ್ಷರ ನೋಡಿಕೊಂಡೇ ಇಟ್ಟಿರೋದರಿಂದ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತೆ. ಅಮ್ಮ ಅದನ್ನ ಮತ್ತೆ ಇಂಗ್ಲಿಷಿಗೆ ಹಾಕಿಕೊಂಡಿದ್ದಾರೆ. “ಕನ್ನಡದಲ್ಲಿ ಏನೂ ಅರ್ಥ ಆಗಲ್ಲ ಕಣೋ” ಅಂತಾರೆ, ಜೀವಮಾನವಿಡೀ ಕನ್ನಡದಲ್ಲೇ ಪಾಠ ಮಾಡಿದ ಟೀಚರ್. ಆಮೇಲೆ ಯಾರೋ ಒಬ್ಬರು ಲೆಕ್ಕ ತೆಗೆದು, ಕನ್ನಡ ಆವೃತ್ತಿಯನ್ನ ಬಳಸೋರು ಕಮ್ಮಿ, ಅದಕ್ಕೆ ಖರ್ಚು ಯಾಕೆ ಅಂತಾರೆ. ಆ ಲೆಕ್ಕ ತೆಗೆಯೋದು ನನ್ನಂಥ ಡೇಟಾ ಸೈಂಟಿಸ್ಟೇ.

ಹಾಗಂತ ಎಚ್‌ಸಿಐ ಅಂತ ಬೋರ್ಡ್ ಹಾಕಿಕೊಂಡದ್ದೆಲ್ಲ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಫಿಗ್ಮಾ ಕಲಿಸಿ, ಚೆಂದದ ಪೋರ್ಟ್‌ಫೋಲಿಯೊ ಮಾಡಿಸಿ, ಗೋಡೆ ತುಂಬ ಹಳದಿ ಚೀಟಿ ಅಂಟಿಸಿ ‘ಎಂಪಥಿ’ ಅಂತ ಮುಗಿಸೋ ಕೋರ್ಸ್‌ಗಳು ಬೇಕಾದಷ್ಟಿವೆ. ಅಪ್ಪ-ಅಮ್ಮಂದಿರ ಅನುಮಾನಕ್ಕೆ ಅವೇ ಕಾರಣ, ಆ ಮಟ್ಟಿಗೆ ಅವರ ಅನುಮಾನ ನ್ಯಾಯವೇ. ಅದಕ್ಕಿಂತ ಕೆಟ್ಟದ್ದೂ ಇದೆ. ಮನುಷ್ಯ ಎಲ್ಲಿ ಎಡವುತ್ತಾನೆ ಅಂತ ಗೊತ್ತಿದ್ದರೆ, ಬೇಕಂತಲೇ ಎಡವಿಸಬಹುದು. ಅಮೆಜಾನ್ ಪ್ರೈಮ್ ಸದಸ್ಯತ್ವ ರದ್ದು ಮಾಡೋ ದಾರಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು ‘ಇಲಿಯಡ್’, ಹೋಮರನ ಉದ್ದದ ಮಹಾಕಾವ್ಯ ಇದೆಯಲ್ಲ, ಅದೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ತನ್ನ ದೂರಿನಲ್ಲಿ ಇದನ್ನ ಬರೆಯಿತು. 2025ರಲ್ಲಿ 250 ಕೋಟಿ ಡಾಲರ್‌ಗೆ ಆ ಕೇಸು ರಾಜಿ ಆಯ್ತು. ಇಂಥ ಪರದೆಗಳನ್ನ ಮಾಡೋಕೂ ಮನುಷ್ಯನ ಮನಸ್ಸಿನ ಬಗ್ಗೆ ಚೆನ್ನಾಗಿ ಗೊತ್ತಿರಬೇಕು. ಹಾಗಾಗಿ ವಿಷಯ ಕಲಿಸಬೇಕು ಅಂದಾಗ ಅದರ ದುರುಪಯೋಗದ ಪಾಠವೂ ಅದೇ ಕ್ಲಾಸಿನಲ್ಲಿ, ಅದೇ ಗಂಭೀರತೆಯಲ್ಲಿ ಬರಬೇಕು.

ಈಗಿನ ಹೊಸ ವಾದ: “ಕೋಡನ್ನೇ ಎಐ ಬರೆಯುತ್ತೆ, ಇನ್ನು ಇದೆಲ್ಲ ಯಾಕೆ?” ನನಗೆ ಇದು ತಲೆಕೆಳಗಾಗಿ ಕಾಣುತ್ತೆ. ಕೋಡ್ ಬರೆಯೋದು ಅಗ್ಗ ಆದಷ್ಟೂ, ಏನು ಬರೀಬೇಕು, ಬರೆದದ್ದು ಜನಕ್ಕೆ ಸರಿಹೋಯ್ತಾ ಅಂತ ಹೇಳಬಲ್ಲವರ ಬೆಲೆ ಜಾಸ್ತಿ ಆಗಬೇಕು. ಚಾಟ್‌ಬಾಟ್ ತಪ್ಪು ಉತ್ತರವನ್ನೂ ಸರಿ ಉತ್ತರವನ್ನೂ ಒಂದೇ ಧೈರ್ಯದಲ್ಲಿ, ಒಂದೇ ಅಕ್ಷರದಲ್ಲಿ ತೋರಿಸುತ್ತೆ. ಥೆರಾಕ್ ಪರದೆಗಿಂತ ಇದು ಎಷ್ಟು ಬೇರೆ ಅಂತ ನೀವೇ ಯೋಚನೆ ಮಾಡಿ. ಓದೋ ಮನುಷ್ಯ ಯಾವಾಗ ನಂಬಬೇಕು, ಯಾವಾಗ ನಿಲ್ಲಬೇಕು?

ಕೆಲಸದ ಮಾತು. ಬರೀ ಡಿಸೈನ್ ಕಲಿತವರಿಗೆ ಈಗ ಮಾರುಕಟ್ಟೆ ಕಷ್ಟ ಇದೆ, ಅದನ್ನ ಮುಚ್ಚಿಡಲ್ಲ. ಅದಕ್ಕೇ ನಾನು ಎಲ್ಲರೂ ಎಚ್‌ಸಿಐ ಡಿಗ್ರಿಯನ್ನೇ ತಗೊಳ್ಳಿ ಅಂತ ಹೇಳ್ತಿಲ್ಲ. ಪೂರ್ತಿ ಡಿಗ್ರಿ ಬೇಕು ಅನ್ನೋ ಮಕ್ಕಳು ಜೊತೆಗೆ ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಗಟ್ಟಿಯಾಗಿರೋ ಕಡೆ ಹೋಗಲಿ. ಕಂಪ್ಯೂಟರ್ ಸೈನ್ಸ್ ಮಾಡೋರು ಕಡೇಪಕ್ಷ ಒಂದು ಒಳ್ಳೆಯ ಕೋರ್ಸ್ ಮಾಡಲಿ. ನಾನು ಕೆಲಸಕ್ಕೆ ಜನರನ್ನ ಇಂಟರ್‌ವ್ಯೂ ಮಾಡುವಾಗ, ನ್ಯೂರಲ್ ನೆಟ್‌ವರ್ಕ್ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲವರು ಧಾರಾಳ ಸಿಗ್ತಾರೆ. “ಈ ಎರಡು ಪರದೆಗಳಲ್ಲಿ ಯಾವುದು ವಾಸಿ ಅಂತ ಹೇಗೆ ಪರೀಕ್ಷೆ ಮಾಡ್ತೀರಿ? ಮೊದಲು ನೋಡಿದ್ದು ಎರಡನೆಯದರ ಮೇಲೆ ಪರಿಣಾಮ ಮಾಡಿದರೆ?” ಅಂದರೆ ಸುಮ್ಮನಾಗ್ತಾರೆ. ಇದು ಎಚ್‌ಸಿಐ ಕ್ಲಾಸಿನ ಮೂರನೇ ವಾರದ ಪಾಠ.

ಹಾಗಾದರೆ ಕೋರ್ಸ್ ಒಳ್ಳೆಯದಾ ಅಂತ ಗೊತ್ತಾಗೋದು ಹೇಗೆ? ಕಾಲೇಜು ನೋಡೋಕೆ ಹೋದಾಗ ಲ್ಯಾಬಿನ ಬೀನ್‌ಬ್ಯಾಗ್ ನೋಡಬೇಡಿ, ಸಿಲಬಸ್ ಕೇಳಿ. ಪ್ರಯೋಗ ಹೇಗೆ ಮಾಡಬೇಕು ಅಂತ ಕಲಿಸ್ತಾರಾ, ಅಂಕಿಅಂಶ ವಿಶ್ಲೇಷಣೆ ಇದೆಯಾ, ವಿದ್ಯಾರ್ಥಿಗಳು ತಾವೇ ಕೋಡ್ ಬರೆದು ನಡೆಯೋ ವಸ್ತು ಕಟ್ತಾರಾ ಅಂತ ನೋಡಿ. ಕಣ್ಣು ಕಾಣದವರು, ಕೈ ನಡುಗೋರು ಬಳಸೋ ಬಗ್ಗೆ ಪಾಠ ಇದೆಯಾ, ಅಥವಾ ಕೊನೆಯ ದಿನ ಒಂದು ಸ್ಲೈಡಾ? ಇನ್ನೊಂದು ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ವಿದ್ಯಾರ್ಥಿ ತನಗೆ ಪರಿಚಯ ಇಲ್ಲದವರನ್ನ, ತನ್ನ ವಯಸ್ಸಿನವರಲ್ಲದವರನ್ನ, ಒಪ್ಪಿಗೆ ಪಡೆದು ಕೂರಿಸಿ, ತಾನು ಕಟ್ಟಿದ್ದನ್ನ ಅವರ ಕೈಗೆ ಕೊಟ್ಟು, ತಾನು ಬಾಯಿ ಮುಚ್ಚಿಕೊಂಡು ನೋಡಲೇಬೇಕು ಅನ್ನೋ ನಿಯಮ ಇದೆಯಾ? ಇಲ್ಲ ಅಂದರೆ ಆ ಕೋರ್ಸ್ ಬೇಡ, ಬೇರೆ ನೋಡಿ. ಇದೆ ಅಂದರೆ, ಮಗಳು ಅದನ್ನ ತಗೊಳ್ತೀನಿ ಅಂದಾಗ ನನಗೆ ಮೆಸೇಜ್ ಹಾಕಬೇಡಿ. ಬುದ್ಧಿ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.